ಪದ ಪರಿಚಯ: ಸಲೈ

ಸೈಖೋಮ್ ಮೀರಾಬಾಯಿ ಚಾನು, ಲೈಶ್ರಾಮ್ ಸರಿತಾ ದೇವಿ, ಇರೋಮ್ ಶರ್ಮಿಳಾ: ಮಣಿಪುರದ ಈ ಹೆಸರುಗಳು ಪತ್ರಿಕೆ ಓದುವವರಿಗೆಲ್ಲ ಪರಿಚಿತ. ಇವುಗಳಲ್ಲಿ ಮೊದಲು ಬರುವ ಸೈಖೋಮ್, ಲೈಶ್ರಾಮ್, ಇರೋಮ್ ಎಂಬುವು ಮನೆತನದ ಹೆಸರುಗಳು. ಇಂಫಾಲ ಕಣಿವೆಯ ಬಹುಸಂಖ್ಯಾತರಾದ ಮೈತೈ ಜನ ಇದನ್ನು ‘ಯುಮ್ನಾಕ್’ ಎನ್ನುತ್ತಾರೆ. ಇಂಥ ನೂರಾರು ಯುಮ್ನಾಕ್‌ಗಳು ಏಳು ದೊಡ್ಡ ಕುಲಗಳಲ್ಲಿ ಹಂಚಿಕೊಂಡಿವೆ. ಆ ಕುಲವೇ ‘ಸಲೈ’. ‘ಯೇಕ್-ಸಲೈ’ ಎಂದು ಜೋಡಿಸಿ ಹೇಳುವುದೂ ರೂಢಿಯಲ್ಲಿದೆ.

ಏಳು ಸಲೈಗಳು ಇವು: ಮಾಂಗಾಂಗ್ ಅಥವಾ ನಿಂಗ್ತೌಜಾ, ಲುವಾಂಗ್, ಖುಮಾನ್, ಅಂಗೋಮ್, ಮೊಯಿರಾಂಗ್, ಖಾ-ಙಾನ್ಬಾ, ಮತ್ತು ಸರಾಂಗ್ ಲೈಶಾಂಗ್ತೆಮ್ ಎಂದೂ ಕರೆಯುವ ಚೆಂಗ್ಲೈ. ಒಟ್ಟಾಗಿ ‘ಸಲೈ ತರೇತ್’. ತರೇತ್ ಎಂದರೆ ಏಳು. ಸುದ್ದಿಚಿತ್ರಗಳಲ್ಲಿ ಕಾಣುವ ಏಳು ಬಣ್ಣದ ಬಾವುಟ ಇವುಗಳದೇ, ಒಂದೊಂದು ಪಟ್ಟೆ ಒಂದೊಂದು ಸಲೈಗೆ.

ಇದನ್ನು ‘ಜಾತಿ’ ಎಂದು ಅನುವಾದಿಸುವವರಿದ್ದಾರೆ. ಅದು ತೀರಾ ತಪ್ಪು. ಜಾತಿ ತನ್ನೊಳಗೇ ಮದುವೆಯಾಗು ಎನ್ನುತ್ತದೆ, ಸಲೈ ತನ್ನೊಳಗೆ ಆಗಲೇಬೇಡ ಎನ್ನುತ್ತದೆ. ನಮ್ಮಲ್ಲಿ ಬೆಡಗು, ಬಳಿ ಎನ್ನುತ್ತೇವಲ್ಲ, ಸಲೈ ಮಾಡುವ ಕೆಲಸ ಅದಕ್ಕೆ ಹತ್ತಿರ. ಆದರೆ ಹುಟ್ಟು ಬೇರೆ.

ಈ ಕುಲಗಳಲ್ಲಿ ಹಲವು ಒಂದು ಕಾಲಕ್ಕೆ ಇಂಫಾಲ ಕಣಿವೆಯ ಪುಟ್ಟ ರಾಜ್ಯಗಳಾಗಿದ್ದವು. ಮೊಯಿರಾಂಗ್ ಲೋಕ್‌ತಾಕ್ ಸರೋವರದ ದಂಡೆಯನ್ನು ಆಳುತ್ತಿತ್ತು. ಆ ಊರು ಈಗಲೂ ಅದೇ ಹೆಸರಿನಲ್ಲಿದೆ, ಕುಲದೈವ ಥಾಂಗ್ಜಿಂಗ್‌ನ ಉತ್ಸವವೂ ಅಲ್ಲಿ ನಡೆಯುತ್ತದೆ. ನಿಂಗ್ತೌಜಾ ವಂಶದ ಕೇಂದ್ರ ಇಂಫಾಲದ ಕಾಂಗ್ಲಾ ಕೋಟೆ. ರಾಜವೃತ್ತಾಂತವಾದ ಚೈಥಾರೋಲ್ ಕುಂಬಾಬಾ, ಈ ವಂಶದ ಮೊದಲ ದೊರೆ ನೋಂಗ್ಡಾ ಲೈರೆನ್ ಪಾಖಂಗ್ಬಾ ಕ್ರಿ.ಶ. 33ರಲ್ಲಿ ಪಟ್ಟಕ್ಕೆ ಬಂದನೆನ್ನುತ್ತದೆ. ಮುಂದಿನ ಶತಮಾನಗಳಲ್ಲಿ ನಿಂಗ್ತೌಜಾ ಉಳಿದವರನ್ನು ಒಬ್ಬೊಬ್ಬರಾಗಿ ಒಳಗೆ ಸೇರಿಸಿಕೊಂಡಿತು. ಗೆದ್ದವನ ಕುಲದ ಹೆಸರನ್ನು ಸೋತವರು ಹೊತ್ತುಕೊಳ್ಳಬೇಕಾಗಲಿಲ್ಲ ಎಂಬುದು ನನಗೆ ಈ ಚರಿತ್ರೆಯಲ್ಲೇ ಅತ್ಯಂತ ಮಹತ್ವದ ಸಂಗತಿಯಾಗಿ ಕಾಣುತ್ತದೆ. ಖುಮಾನರು ರಾಜ್ಯ ಕಳೆದುಕೊಂಡರೂ ಖುಮಾನರಾಗಿಯೇ ಉಳಿದರು. ಸಿಂಹಾಸನ ಹೋಯಿತು, ನೆಂಟಸ್ತನದ ಲೆಕ್ಕ ಉಳಿಯಿತು.

ಕ್ರಿ.ಶ. 1110ರದೆಂದು ಹೇಳುವ ದೊರೆ ಲೋಯುಂಬಾನ ಶಾಸನ ‘ಲೋಯುಂಬಾ ಶಿನ್ಯೆನ್’ ಇನ್ನೊಂದು ಹಂತ. ಯಾವ ಬಟ್ಟೆಯನ್ನು ಯಾರು ನೇಯಬೇಕು, ಯಾವ ದೈವದ ಸೇವೆ ಯಾರದು ಎಂಬುದನ್ನೆಲ್ಲ ಅದು ಹಂಚಿಕೊಟ್ಟಿತು. ಹಂಚಿದ್ದು ಯುಮ್ನಾಕ್‌ಗಳಿಗೆ, ಸಲೈಗಳಿಗಲ್ಲ. ಹಾಗಾಗಿ ಕಸುಬು ಮನೆತನಕ್ಕೆ ಅಂಟಿತೇ ಹೊರತು ಕುಲಕ್ಕಲ್ಲ. ಪೂರ್ವ, ಪಶ್ಚಿಮಗಳಿಂದ ವಲಸೆ ಬಂದವರಿಗೂ ಯುಮ್ನಾಕ್ ಸಿಗುತ್ತಿತ್ತು. 1606ರ ಯುದ್ಧದ ಬಳಿಕ ದೊರೆ ಖಾಗೆಂಬಾನ ಕಾಲದಲ್ಲಿ ಕಣಿವೆಯಲ್ಲಿ ನೆಲೆಸಿದ ಮುಸ್ಲಿಮರೂ, ಅಂದರೆ ಪಾಂಗಲರೂ, ಇಂಥದೇ ವಂಶನಾಮಗಳನ್ನು ಪಡೆದರು.

ಒಂದೇ ಸಲೈಯೊಳಗಿನ ಸಂಬಂಧಕ್ಕೆ ‘ಯೇಕ್ ತಿನ್ನಬಾ’ ಎನ್ನುತ್ತಾರೆ. ಹಿಂದೆ ಅದಕ್ಕೆ ಗಡಿಪಾರಿನ ಶಿಕ್ಷೆಯಿತ್ತು. ತಪ್ಪಿತಸ್ಥರನ್ನು ಲೋಯ್ ಹಳ್ಳಿಗಳಿಗೆ, ಅಂದರೆ ಕೀಳೆಂದು ದೂರವಿಟ್ಟವರ ಊರುಗಳಿಗೆ, ಅಟ್ಟುತ್ತಿದ್ದರು. ಇಬ್ಬರ ಯುಮ್ನಾಕ್ ಬೇರೆಯಾದರೆ ಸಾಲದು, ಸಲೈಯೂ ಬೇರೆಯಾಗಿರಬೇಕು. ಆದ್ದರಿಂದ ಮದುವೆಯ ಮಾತುಕತೆಯಲ್ಲಿ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಇದೇ. ಮಣಿಪುರದ ಅತಿ ಪ್ರಸಿದ್ಧ ಪ್ರೇಮಕಥೆಯ ಖಂಬಾ ಖುಮಾನ್ ಕುಲದವನು, ಥೋಯಿಬಿ ಮೊಯಿರಾಂಗಿನ ರಾಜಕುಮಾರಿ. ಅವರ ಪ್ರೇಮಕ್ಕೆ ಎದುರಾದ ಅಡ್ಡಿಗಳು ಎಷ್ಟೋ ಇದ್ದವು, ಕುಲದ ಕಟ್ಟಳೆ ಮಾತ್ರ ಅವುಗಳಲ್ಲಿ ಒಂದಾಗಿರಲಿಲ್ಲ.

ಮಕ್ಕಳಿಗೆ ತಂದೆಯ ಸಲೈ. ಆದರೂ ಹೆಣ್ಣಿನ ತವರು ಅಳಿಸಿಹೋಗುವುದಿಲ್ಲ. ಸಾಂಪ್ರದಾಯಿಕವಾಗಿ ಮದುವೆಯಾದ ಹೆಣ್ಣನ್ನು ಎರಡು ಮನೆತನಗಳೊಂದಿಗೆ ಹೆಸರಿಸುತ್ತಾರೆ: ಇಂಥವರ ‘ನಿಂಗೋಲ್’, ಇಂಥವರ ‘ಓಂಗ್ಬಿ’. ಮೊದಲನೆಯದು ಮಗಳು, ಎರಡನೆಯದು ಹೆಂಡತಿ. ಹಿಯಾಂಗೈ ಮಾಸದ ಬಿದಿಗೆಯಂದು, ಅಕ್ಟೋಬರ್-ನವೆಂಬರ್ ಸುಮಾರಿಗೆ, ಬರುವ ನಿಂಗೋಲ್ ಚಾಕ್ಕೌಬಾ ಹಬ್ಬದಲ್ಲಿ ಗಂಡನ ಮನೆಯಲ್ಲಿರುವ ಹೆಣ್ಣುಮಕ್ಕಳನ್ನು ತವರಿನವರು ಊಟಕ್ಕೆ ಕರೆಯುತ್ತಾರೆ. ಮಕ್ಕಳ ಕೈಹಿಡಿದು, ಹೊಸ ಉಡುಗೆ ಉಟ್ಟು ಹೆಣ್ಣುಮಕ್ಕಳು ತವರಿಗೆ ಹೊರಡುವ ಆ ದಿನ ಕಣಿವೆಯಲ್ಲಿ ಮೀನಿಗೆ ಎಲ್ಲಿಲ್ಲದ ಬೇಡಿಕೆ.

18ನೆಯ ಶತಮಾನದಲ್ಲಿ ದೊರೆ ಗರೀಬ್ ನಿವಾಜ್ ವೈಷ್ಣವ ಧರ್ಮವನ್ನು ರಾಜಧರ್ಮ ಮಾಡಿದ. ಪುಯಾ ಎಂಬ ಹಳೆಯ ಗ್ರಂಥಗಳನ್ನು ಸುಡಿಸಿದ. ಸಲೈಗಳಿಗೂ ಗೋತ್ರಗಳು ಬಂದವು, ನಿಂಗ್ತೌಜಾಗೆ ಶಾಂಡಿಲ್ಯ, ಲುವಾಂಗ್‌ಗೆ ಕಾಶ್ಯಪ ಎಂಬಂತೆ. ಹೊಸ ಹೆಸರು ಮೇಲೆ ಕೂತರೂ ಒಳಗಿನ ಏಳರ ಲೆಕ್ಕ ಕದಲಲಿಲ್ಲ. ಮೂಲಪುರುಷನಾದ ಅಪೋಕ್ಪಾನ ಆರಾಧನೆಯೂ ನಿಲ್ಲಲಿಲ್ಲ. 1930ರಲ್ಲಿ ಅಸ್ಸಾಮಿನ ಕಛಾರಿನಲ್ಲಿ ನೌರಿಯಾ ಫುಲೋ ಹಳೆಯ ಧರ್ಮವನ್ನು ಮತ್ತೆ ಎತ್ತಿಹಿಡಿಯಲು ಕಟ್ಟಿದ ಸಂಘಕ್ಕೆ ಅಪೋಕ್ಪಾ ಮರುಪ್ ಎಂದೇ ಹೆಸರಿಟ್ಟರು.

ಕಣಿವೆಯಿಂದ ಬೆಟ್ಟ ಹತ್ತಿದರೆ ಲೆಕ್ಕಾಚಾರವೇ ಬದಲಾಗುತ್ತದೆ. ಅಲ್ಲಿ ಏಳರ ಚೌಕಟ್ಟಿಲ್ಲ, ಪ್ರತಿ ಬುಡಕಟ್ಟಿಗೂ ಅದರದೇ ಕುಲಗಳು. ಮಾಂಗ್ತೆ ಚುಂಗ್ನೇಜಾಂಗ್ ಮೇರಿ ಕೋಮ್ ಎಂಬ ಹೆಸರಿನಲ್ಲಿ ಮಾಂಗ್ತೆ ಕುಲ, ಕೋಮ್ ಬುಡಕಟ್ಟು. ಥಾಡೌ ಕುಕಿಗಳಲ್ಲಿ ಹಾವೋಕಿಪ್, ಕಿಪ್ಗೆನ್, ಡೌಂಗೆಲ್ ಮೊದಲಾದವು ಕುಲದ ಹೆಸರುಗಳೇ.

ಪುರುಮ್ ಎಂಬ ಬಹಳ ಚಿಕ್ಕ ಸಮುದಾಯವಂತೂ ಕುಲವ್ಯವಸ್ಥೆಯಿಂದಾಗಿಯೇ ಮಾನವಶಾಸ್ತ್ರದಲ್ಲಿ ಲೋಕಪ್ರಸಿದ್ಧವಾಯಿತು. ತಾರಕ ಚಂದ್ರ ದಾಸ್ 1945ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾರ್ರಿಮ್, ಮಾಕಾನ್, ಖೆಯಾಂಗ್, ಥಾವೋ, ಪಾರ್ಪಾ ಎಂಬ ಐದು ಕುಲಗಳಿವೆ. ನಮ್ಮ ಅನೇಕ ಸಮುದಾಯಗಳಲ್ಲಿ ಸೋದರಮಾವನ ಮಗಳೂ ಆದೀತು, ಸೋದರತ್ತೆಯ ಮಗಳೂ ಆದೀತು. ಪುರುಮರಲ್ಲಿ ಮಾವನ ಮಗಳು ಸರಿ, ಅತ್ತೆಯ ಮಗಳು ನಿಷಿದ್ಧ. ಅಂದರೆ ಹೆಣ್ಣು ಕೊಟ್ಟ ಮನೆಯಿಂದ ತಿರುಗಿ ಹೆಣ್ಣು ತರುವಂತಿಲ್ಲ. ಕೊಡುವವರು ಬೇರೆ, ತರುವವರು ಬೇರೆ. ಇದರ ಗುರುತು ಮದುವೆಗೆ ಮುಗಿಯುವುದಿಲ್ಲ. ಮಗುವಿಗೆ ಹೆಸರಿಡುವಾಗ, ಮನೆ ಕಟ್ಟುವಾಗ, ಸಾವಿನ ಮನೆಯಲ್ಲಿ ವಿಧಿಯ ಕೆಲಸಕ್ಕೆ ಮುಂದೆ ನಿಲ್ಲಬೇಕಾದವರು ಆ ಮನೆಯಿಂದ ಹೆಣ್ಣು ತಂದ ಅಳಿಯಂದಿರು.