ಶವರ್ ಗೋಡೆ ಒಳಗಿನ ಲೀಕ್ ಹುಡುಕೋದು, ರಿಪೇರಿ ಮಾಡೋದು: ಟೈಲ್ಸ್ ಒಡೆಯೋಕೆ ಮುಂಚಿನ ನೋಟ್ಸ್

ಪ್ಲಂಬಿಂಗ್ ಕಲೀತಿರೋರಿಗೂ ಆಗುತ್ತೆ, ಸ್ವಂತ ಮನೇಲಿ ಲೀಕ್ ಹುಡುಕ್ತಾ ತಲೆ ಕೆಡಿಸ್ಕೊಂಡಿರೋರಿಗೂ ಆಗುತ್ತೆ ಅಂತ ಬರೀತಿದೀನಿ. ಬೆಂಗಳೂರು, ಮೈಸೂರು ಕಡೆ ಸಾಮಾನ್ಯವಾಗಿ ಇರೋ ಬಾತ್‌ರೂಮನ್ನೇ ಲೆಕ್ಕಕ್ಕೆ ತಗೊಂಡಿದೀನಿ. ಮೇಲೆ ಓವರ್‌ಹೆಡ್ ಟ್ಯಾಂಕು, ಗೋಡೆ ಒಳಗೆ ಮುಚ್ಚಿರೋ ಸಿಪಿವಿಸಿ ಪೈಪು (ಬಿಸಿನೀರು ತಡೆಯೋ ಪ್ಲಾಸ್ಟಿಕ್ ಪೈಪು), ನೀರನ್ನ ನಲ್ಲಿಗೋ ಶವರಿಗೋ ತಿರುಗಿಸೋ ಡೈವರ್ಟರ್ ಇಲ್ಲಾಂದ್ರೆ ವಾಲ್ ಮಿಕ್ಸರು, ನೆಲದ ಕೆಳಗೆ ಸಂಕನ್ ಸ್ಲ್ಯಾಬು (ಪೈಪು ಹಾಯಿಸೋಕೆ ತಗ್ಗಿಸಿ ಹಾಕಿ, ಇಟ್ಟಿಗೆ ಚೂರು ತುಂಬಿದ ಸ್ಲ್ಯಾಬು), ಮೂಲೇಲಿ ನೆಲದ ನೀರು ಹೊರಗೆ ಹೋಗೋ ನಹಾನಿ ಟ್ರ್ಯಾಪು.

ತೇವ ಎಲ್ಲಿ ಕಾಣಿಸ್ತಿದೆ ಅನ್ನೋದನ್ನ ನಂಬ್ಕೊಂಡು ಅಲ್ಲೇ ಸುತ್ತಿಗೆ ಹಾಕ್ಬೇಡಿ, ಯಾವಾಗ ಕಾಣಿಸುತ್ತೆ ಅನ್ನೋದನ್ನ ಮೊದಲು ಹಿಡೀರಿ. ನೀರು ಗೋಡೆ ಒಳಗೆ ಸಿಕ್ಕಿದ ದಾರೀಲಿ ಹೋಗುತ್ತೆ, ಪ್ಲಾಸ್ಟರ್ ಹಿಂದೆ ಇಳಿಯುತ್ತೆ, ಇಟ್ಟಿಗೆ ಸಂದೀಲಿ ಅಡ್ಡ ಹರಿಯುತ್ತೆ, ಕರೆಂಟ್ ವೈರಿನ ಕಾಂಡ್ಯೂಟ್ ಪೈಪೊಳಗೂ ನುಗ್ಗಿ ಕೆಳಗಿನ ಮನೆ ಫ್ಯಾನ್ ಹುಕ್ಕಿನ ಹತ್ರ ತೊಟ್ಟಿಕ್ಕುತ್ತೆ. ಹಂಗೇನಾದ್ರೂ ಸ್ವಿಚ್ ಬೋರ್ಡು, ಲೈಟ್ ಪಾಯಿಂಟ್ ಹತ್ರ ತೇವ ಬಂದಿದ್ರೆ ಮೊದಲು ಆ ಲೈನಿನ ಎಂಸಿಬಿ ಇಳಿಸಿ, ಮಿಕ್ಕಿದ್ದೆಲ್ಲ ಆಮೇಲೆ.

ಶವರ್ ಸುತ್ತ ನೀರು ತಪ್ಪಿಸ್ಕೊಳ್ಳೋದು ನಾಲ್ಕೇ ದಾರೀಲಿ. ಒಂದು, ಡೈವರ್ಟರ್ ತನಕ ಬರೋ ಬಿಸಿ, ತಣ್ಣೀರು ಲೈನು, ಇಲ್ಲಿ ಹಗಲೂ ರಾತ್ರಿ ಪ್ರೆಶರ್ ಇರುತ್ತೆ, ಹಾಗಾಗಿ ಯಾರೂ ಸ್ನಾನ ಮಾಡದಿದ್ರೂ ಜಿನುಗ್ತಾನೇ ಇರುತ್ತೆ. ಎರಡು, ಡೈವರ್ಟರಿಂದ ಶವರ್ ತಲೆಗೆ ಏರೋ ಪೈಪು, ಇದರಲ್ಲಿ ಶವರ್ ಆನ್ ಇದ್ದಾಗ ಮಾತ್ರ ನೀರು ಓಡುತ್ತೆ. ಮೂರು, ಟೈಲ್ಸ್ ಮೇಲೆ ಬಿದ್ದ ನೀರು ಗ್ರೌಟ್ (ಟೈಲ್ಸ್ ಸಂದಿಗೆ ತುಂಬೋ ಪೇಸ್ಟು) ಬಿರುಕಲ್ಲಿ, ಮೂಲೇಲಿ, ನಲ್ಲಿ ಬುಡದಲ್ಲಿ ಗೋಡೆಗೆ ಕೂರೋ ದುಂಡನೆ ಫ್ಲೇಂಜ್ ಹಿಂದೆ ಒಳಗೆ ಹೋಗೋದು. ನಾಲ್ಕು, ನೆಲದ ವಾಟರ್‌ಪ್ರೂಫಿಂಗು ಇಲ್ಲಾ ಟ್ರ್ಯಾಪಿನ ಜಾಯಿಂಟು. ನಾಲ್ಕರಲ್ಲೂ ಕೊನೇಗೆ ಕಾಣೋದು ಒಂದೇ ಥರ, ಉಬ್ಬಿದ ಪೇಂಟು, ಬಿಳಿ ಉಪ್ಪಿನ ಪುಡಿ, ಕೆಳಗಿನ ಮನೆಯವರ ಜಗಳ. ಅದಕ್ಕೇ ಒಂದ್ಸಲಕ್ಕೆ ಒಂದೇ ದಾರೀಲಿ ನೀರು ಬಿಟ್ಟು ನೋಡ್ಬೇಕು, ಮಧ್ಯೆ ಒಣಗೋಕೆ ಟೈಮ್ ಕೊಡ್ಬೇಕು.

ಸಪ್ಲೈ ಲೈನಿಂದ ಶುರು ಮಾಡಿ. ವಾಟರ್ ಮೀಟರ್ ನೋಡಿದ್ರೆ ಗೊತ್ತಾಗುತ್ತೆ ಅಂತ ಹೇಳೋ ವಿಡಿಯೋಗಳು ಬೇಕಾದಷ್ಟಿದಾವೆ, ಆದ್ರೆ ನಮ್ಮ ಕಡೆ ಮೀಟರ್ ಅಳೆಯೋದು ಸಂಪಿಗೆ ಬೀಳೋ ನೀರನ್ನ, ಸೋರ್ತಿರೋದು ಟ್ಯಾಂಕಿಂದ ಇಳಿಯೋ ನೀರು, ಹಂಗಾಗಿ ಅದು ಇಲ್ಲಿ ಉಪಯೋಗಕ್ಕೆ ಬರಲ್ಲ. ಬಾತ್‌ರೂಮಿನ ಗೇಟ್ ವಾಲ್ವ್ ರಾತ್ರಿ ಪೂರ್ತಿ ಬಂದ್ ಮಾಡಿ, ಆ ಬಾತ್‌ರೂಮ್ ಬಳಸ್ಬೇಡಿ, ಜಿನುಗೋದು ಕಮ್ಮಿ ಆಯ್ತಾ ನೋಡಿ. ಕಮ್ಮಿ ಆದ್ರೆ ಸಪ್ಲೈ ಮೇಲೆ ಅನುಮಾನ ಗಟ್ಟಿ. ಪ್ರೆಶರ್ ಪಂಪ್ ಇರೋ ಮನೆಯವರಿಗೆ ಇನ್ನೂ ಸುಲಭ, ಎಲ್ಲಾ ನಲ್ಲಿ ಬಂದ್ ಇದ್ದಾಗ್ಲೂ ಮಧ್ಯರಾತ್ರೀಲಿ ಪಂಪ್ ತಾನಾಗೇ ಆಗಾಗ ಆನ್ ಆಗ್ತಿದ್ರೆ ಎಲ್ಲೋ ನೀರು ಹೋಗ್ತಿದೆ ಅಂತಾನೇ ಅರ್ಥ (ಫ್ಲಶ್ ಟ್ಯಾಂಕ್ ಸೋರ್ತಿಲ್ಲ ಅಂತ ಮೊದಲು ಖಚಿತ ಮಾಡ್ಕೊಳ್ಳಿ). ಬಿಸಿ ಲೈನಾ ತಣ್ಣೀರು ಲೈನಾ ಅಂತ ಬೇರೆ ಮಾಡೋಕೆ ಗೀಸರ್ ಸ್ವಿಚ್ ಆಫ್ ಮಾಡಿ ಅದರ ಇನ್‌ಲೆಟ್ ವಾಲ್ವ್ ಮುಚ್ಚಿ, ಆಗ ಬಿಸಿ ಲೈನಿಗೆ ಟ್ಯಾಂಕಿನ ಪ್ರೆಶರ್ ಸಿಗಲ್ಲ. ಸ್ವಿಚ್ ಆಫ್ ಮಾಡದೇ ಇನ್‌ಲೆಟ್ ಮುಚ್ಚೋದು ಯಾವತ್ತೂ ಬೇಡ. ಬಿಸಿ ಲೈನಲ್ಲಿ ಲೀಕ್ ಬರೋಕೆ ಒಂದು ಕಾರಣ ಇದೆ, ಸಿಪಿವಿಸಿ ಬಿಸಿಗೆ ಹಿಗ್ಗುತ್ತೆ, 40 ಡಿಗ್ರಿ ವ್ಯತ್ಯಾಸಕ್ಕೆ ಒಂದು ಮೀಟರ್ ಪೈಪು ಸುಮಾರು 2.5 ಮಿಮೀ ಉದ್ದ ಆಗುತ್ತೆ, ದಿನಾ ಹಿಗ್ಗಿ ಕುಗ್ಗಿ ಸರಿಯಾಗಿ ಅಂಟದ ಜಾಯಿಂಟ್ ಸಡಿಲ ಆಗುತ್ತೆ.

ಲೀಕು ಸಣ್ಣದು ಬಿಡಿ ಅನ್ನೋರಿಗೆ ಒಂದು ಲೆಕ್ಕ: ಸೆಕೆಂಡಿಗೆ ಒಂದು ಹನಿ, ಹನಿ ಕಾಲು ಮಿಲಿ ಅಂತ ಇಟ್ಕೊಂಡ್ರೆ ದಿನಕ್ಕೆ 86,400 ಹನಿ, 21 ಲೀಟರ್ ಮೇಲೆ. ಅಷ್ಟೂ ಸಂಕನ್ ಒಳಗೆ.

ಈಗ ಎರಡನೇ ದಾರಿ, ಶವರಿಗೆ ಏರೋ ಪೈಪು. ನನ್ನ ಪ್ರಕಾರ ಇಡೀ ವಿಷಯದಲ್ಲಿ ತುಂಬಾ ಉಪಯೋಗದ ಟೆಸ್ಟು ಇದೇ, ಆದ್ರೆ ಯಾರೂ ಮಾಡಲ್ಲ. ಶವರ್ ಆನ್ ಮಾಡಿದಾಗ ಮಾತ್ರ ತೇವ ಬರುತ್ತೆ ಅಂದ್ರೆ ಪೈಪೂ ಇರ್ಬಹುದು, ಟೈಲ್ಸೂ ಇರ್ಬಹುದು, ನೆಲಾನೂ ಇರ್ಬಹುದು, ಮೂರೂ ಒಟ್ಟಿಗೇ ಒದ್ದೆ ಆಗುತ್ತಲ್ಲ. ಅದಕ್ಕೆ ಶವರ್ ಆರ್ಮ್ (ಗೋಡೆಯಿಂದ ಹೊರಗೆ ಚಾಚಿ ಶವರ್ ತಲೆ ಹಿಡಿದಿರೋ ಕೊಳವೆ) ನಿಧಾನಕ್ಕೆ ಬಿಚ್ಚಿ, ಆ ಪಾಯಿಂಟಿಗೆ ಟೆಫ್ಲಾನ್ ಸುತ್ತಿದ ಅರ್ಧ ಇಂಚಿನ ಎಂಡ್ ಪ್ಲಗ್ ಹಾಕಿ, ಡೈವರ್ಟರನ್ನ ಶವರ್ ಕಡೆ ಓಪನ್ ಮಾಡಿಟ್ಟು ಒಂದೆರಡು ಗಂಟೆ ಬಿಡಿ. ಈಗ ಪೈಪಲ್ಲಿ ಪೂರ್ತಿ ಪ್ರೆಶರ್ ಇದೆ, ನೆಲಕ್ಕಾಗ್ಲಿ ಟೈಲ್ಸಿಗಾಗ್ಲಿ ಒಂದು ಹನಿ ನೀರೂ ಬಿದ್ದಿಲ್ಲ. ತೇವ ಜಾಸ್ತಿ ಆಯ್ತಾ, ಪೈಪೇ. ಆಗ್ಲಿಲ್ವಾ, ಆರ್ಮಿನ ಥ್ರೆಡ್ಡು ಇಲ್ಲಾ ಹೊರಗಿಂದ ಹೋಗೋ ನೀರು. ಬಿಚ್ಚಿದ ಆರ್ಮನ್ನ ಕೈಲಿ ಹಿಡಿದು ಥ್ರೆಡ್ ನೋಡಿ, ಮೊದಲ ಎರಡು ಸುತ್ತಲ್ಲಿ ಹಸಿರು ಪಾಚಿ, ತುಕ್ಕಿನ ಗೆರೆ ಇದ್ರೆ ಅಲ್ಲಿಂದ ನೀರು ಹಿಂದಕ್ಕೆ ಗೋಡೆ ಒಳಗೆ ಇಳೀತಿತ್ತು ಅಂತ ತಿಳ್ಕೋಬಹುದು. ಮಕ್ಕಳು ಜೋತು ಬಿದ್ದೋ, ಬಟ್ಟೆ ನೇತು ಹಾಕಿಯೋ ಆರ್ಮ್ ಅಲ್ಲಾಡಿರುತ್ತೆ, ಹೊಸ ಟೆಫ್ಲಾನ್ ಹಾಕಿ ಬಿಗಿ ಮಾಡಿದ್ರೆ ಅಲ್ಲಿಗೇ ಮುಗೀತು.

ನೆಲಕ್ಕೆ ಎರಡು ಬೇರೆ ಟೆಸ್ಟ್ ಬೇಕು. ಮೊದಲು ನೆಲ ಒದ್ದೆ ಮಾಡದೇ ಬಕೆಟಿಂದ ನೇರ ಟ್ರ್ಯಾಪ್ ಒಳಗೇ ನೀರು ಸುರೀರಿ, ಹತ್ತು ಹದಿನೈದು ಬಕೆಟ್ ಆಗ್ಲಿ, ತೇವ ಬಂದ್ರೆ ಡ್ರೈನ್ ಜಾಯಿಂಟು. ಬರದಿದ್ರೆ ಟ್ರ್ಯಾಪನ್ನ ಪ್ಲಾಸ್ಟಿಕ್ ಕವರ್‌ಗೆ ಒದ್ದೆ ಬಟ್ಟೆ ತುಂಬಿ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ 25 ಮಿಮೀ ನೀರು ನಿಲ್ಸಿ, ಟೈಲ್ ಮೇಲೆ ಪೆನ್ಸಿಲ್ ಗೆರೆ ಹಾಕಿ 24 ಗಂಟೆ ಬಿಡಿ. ಪಕ್ಕದಲ್ಲೇ ಒಂದು ಅಗಲ ಬಾಂಡ್ಲಿ ನೀರಿಟ್ಟು ಅದಕ್ಕೂ ಗೆರೆ ಹಾಕಿ. ಎರಡೂ ಒಂದೇ ಸಮ ಇಳಿದಿದ್ರೆ ಅದು ಆವಿ ಆಗಿದ್ದು, ನೆಲದ್ದು ಜಾಸ್ತಿ ಇಳಿದಿದ್ರೆ ಕೆಳಗೆ ಹೋಗ್ತಿದೆ. ನೀರಿಗೆ ಫುಡ್ ಕಲರ್ ಹಾಕೋದೂ ಒಳ್ಳೇದೇ, ಆದ್ರೆ ಬಣ್ಣ ಕೆಳಗೆ ಬರಲಿಲ್ಲ ಅಂದ ಮಾತ್ರಕ್ಕೆ ಲೀಕ್ ಇಲ್ಲ ಅಂತ ತೀರ್ಮಾನ ಮಾಡ್ಬೇಡಿ, ಸಂಕನ್ನಿನ ಇಟ್ಟಿಗೆ ಚೂರು, ಕಾಂಕ್ರೀಟು ಬಣ್ಣ ಹಿಡ್ಕೊಂಡುಬಿಡುತ್ತೆ. ಕೊನೇಗೆ ಗೋಡೆ ಟೈಲ್ಸ್: ನಾಣ್ಯದಲ್ಲಿ ತಟ್ಟಿ ಟೊಳ್ಳು ಸದ್ದು ಎಲ್ಲಿದೆ ಗುರುತು ಹಾಕ್ಕೊಳ್ಳಿ, ಮಗ್ಗಲ್ಲಿ ಕೆಳಗಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪ ಜಾಗಕ್ಕೆ ನೀರು ಎರಚಿ ಕಾಯಿರಿ.

ರಿಪೇರಿಗೆ ಬರೋಣ. ಗ್ರೌಟ್ ಸಮಸ್ಯೆ ಆದ್ರೆ ಹಳೇದರ ಮೇಲೆ ವೈಟ್ ಸಿಮೆಂಟ್ ಬಳಿಯೋದು ವೇಸ್ಟು, ಅದು ಕುಗ್ಗಿ ಮತ್ತೆ ಬಿರುಕು ಬಿಡುತ್ತೆ. ಕೆರೆದು ತೆಗೆದು, ಚೆನ್ನಾಗಿ ಒಣಗಿಸಿ ಎಪಾಕ್ಸಿ ಗ್ರೌಟ್ ತುಂಬಿ. ಗೋಡೆ ಗೋಡೆ ಸೇರೋ ಮೂಲೆಗೆ, ಗೋಡೆ ನೆಲ ಸೇರೋ ಕಡೆಗೆ, ಫ್ಲೇಂಜ್ ಸುತ್ತ ಸಿಲಿಕೋನ್ ಹಾಕಿ, ಯಾಕಂದ್ರೆ ಆ ಜಾಗಗಳು ಅಲುಗಾಡ್ತವೆ, ಗಟ್ಟಿ ಗ್ರೌಟು ಅಲ್ಲಿ ನಿಲ್ಲಲ್ಲ. ಹಳೇ ಸಿಲಿಕೋನ್ ಮೇಲೆ ಹೊಸದು ಅಂಟಲ್ಲ, ಪೂರ್ತಿ ಕಿತ್ತು ಹಾಕಿ, ಒಂದು ದಿನ ನೀರು ತಾಗಿಸ್ಬೇಡಿ.

ಪೈಪ್ ಆದ್ರೆ ಒಡೀಲೇಬೇಕು, ಆದ್ರೆ ಈಗ ಯಾವ ಪೈಪು ಅಂತ ಗೊತ್ತಿರೋದ್ರಿಂದ ಒಂದೋ ಎರಡೋ ಟೈಲ್ ಸಾಕು, ಗೋಡೆ ಹಿಂದೆ ರೂಮಿದ್ರೆ ಆ ಕಡೆಯಿಂದ ಪ್ಲಾಸ್ಟರ್ ತೆಗೆದ್ರೆ ಟೈಲೂ ಉಳಿಯುತ್ತೆ. ಸಿಪಿವಿಸಿಗೆ ಪಿವಿಸಿ ಸಾಲ್ವೆಂಟ್ (ಪೈಪು ಅಂಟಿಸೋ ಗಮ್ಮು) ಹಾಕ್ಬೇಡಿ, ಸಿಪಿವಿಸಿದೇ ಬೇಕು. ಪೈಪು ನೇರ ಕಟ್ ಮಾಡಿ ಅಂಚಿನ ಚೂರು ಕೆರೆದು, ಬಟ್ಟೇಲಿ ಒರೆಸಿ. ಮೇಲಿನ ವಾಲ್ವ್ ಸರಿಯಾಗಿ ಮುಚ್ಚದೇ ಪೈಪೊಳಗಿಂದ ಹನಿ ಬರ್ತಿದ್ರೆ ಆ ಜಾಯಿಂಟ್ ಹಿಡಿಯಲ್ಲ, ಅದನ್ನ ಮೊದಲು ನಿಲ್ಲಿಸಿ. ಸಾಲ್ವೆಂಟ್ ಎರಡೂ ಕಡೆ ಹಚ್ಚಿ, ಕಾಲು ಸುತ್ತು ತಿರುಗಿಸ್ತಾ ಒಳಗೆ ತಳ್ಳಿ, ಅರ್ಧ ನಿಮಿಷ ಬಿಗಿಯಾಗಿ ಹಿಡ್ಕೊಳ್ಳಿ, ಫಿಟ್ಟಿಂಗ್ ಒಳಗೆ ಇಳಿಜಾರು ಇರೋದ್ರಿಂದ ಬಿಟ್ರೆ ಪೈಪು ಹಿಂದಕ್ಕೆ ಜಾರುತ್ತೆ. ಕಷ್ಟ ಬರೋದು ಎಲ್ಲಂದ್ರೆ, ಪೈಪಿನ ಎರಡೂ ತುದಿ ಗೋಡೇಲಿ ಕಚ್ಕೊಂಡಿರುತ್ತೆ, ಎರಡು ಪೈಪು ಸೇರಿಸೋ ಕಪ್ಲರ್ ಜಾರಿಸೋಕೆ ಜಾಗ ಇರಲ್ಲ. ಆಗ ಪೈಪಿಗೆ ಗೋಡೇಲಿ ಕೊರೆದ ಕಾಲುವೆಯನ್ನ ಇನ್ನೊಂದು ಅಡಿ ಉದ್ದ ತೆಗೆದು ಪೈಪು ಸ್ವಲ್ಪ ಬಾಗೋ ಹಂಗೆ ಮಾಡ್ಬೇಕು, ಇಲ್ಲಾ ನಾಲ್ಕು ಎಲ್ಬೋ (ಮೂಲೆ ತಿರುಗಿಸೋ ತುಂಡು) ಹಾಕಿ ಸುತ್ತಿಸಿ ತರ್ಬೇಕು. ನಲ್ಲಿ ಕೂರೋ ಕಡೆ ಹಿತ್ತಾಳೆ ಥ್ರೆಡ್ ಇರೋ ಎಲ್ಬೋನೇ ಹಾಕಿ. ಹಳೇ ಜಿಐ (ಕಬ್ಬಿಣದ ಪೈಪು) ಪದ್ಧತಿಯ ಎಣ್ಣೆ ಪೇಸ್ಟು, ನಾರು ಬೇಡ, ಎಣ್ಣೆ ಸಿಪಿವಿಸಿಯನ್ನ ನಿಧಾನಕ್ಕೆ ಸೀಳುತ್ತೆ, ಟೆಫ್ಲಾನ್ ಟೇಪೇ ಸಾಕು.

ಮುಚ್ಚೋಕೆ ಮುಂಚೆ ಹ್ಯಾಂಡ್ ಪಂಪು, ಗೇಜ್ ಹಾಕಿ ಗಾಳಿ ಹೊರಗೆ ಬಿಟ್ಟು, ಕೆಲಸದ ಪ್ರೆಶರಿನ ಒಂದೂವರೆ ಪಟ್ಟು ಏರಿಸಿ ಮುಳ್ಳು ಇಳಿಯುತ್ತಾ ನೋಡಿ. ಸಾಲ್ವೆಂಟ್ ಡಬ್ಬಿ ಮೇಲೆ ಹೇಳಿರೋಷ್ಟು ಹೊತ್ತು ಕಾದ ಮೇಲೇ ಇದನ್ನ ಮಾಡಿ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಕೆಜಿ ಪ್ರೆಶರ್ (ಚದರ ಸೆಂಟಿಮೀಟರಿಗೆ) ಅಂತ ನೆನಪಿಟ್ಕೊಳ್ಳಿ, ಟ್ಯಾಂಕು ಶವರಿಗಿಂತ 3 ಮೀಟರ್ ಮೇಲಿದ್ರೆ ಬರೀ 0.3. ಇಷ್ಟು ಕಮ್ಮಿ ಪ್ರೆಶರಲ್ಲಿ ಕೆಟ್ಟ ಜಾಯಿಂಟೂ ಒಂದಷ್ಟು ದಿನ ಒಳ್ಳೇದರ ಥರಾನೇ ಕಾಣುತ್ತೆ, ಬರೀ ನಲ್ಲಿ ಬಿಟ್ಟು ನೋಡಿ ಸರಿ ಇದೆ ಅಂದ್ಕೋಬೇಡಿ.

ನೆಲದ ವಾಟರ್‌ಪ್ರೂಫಿಂಗೇ ಹೋಗಿದ್ರೆ ಗ್ರೌಟಿಂಗು ಸ್ವಲ್ಪ ಕಾಲ ಓಡುತ್ತೆ ಅಷ್ಟೇ, ನೆಲ ಎಬ್ಬಿಸಿ, ಮೂಲೆಗಳನ್ನ ದುಂಡಗೆ ಮಾಡಿ, ಎರಡು ಕೋಟ್ ಪಾಲಿಮರ್ ಸಿಮೆಂಟು ಒಂದಕ್ಕೊಂದು ಅಡ್ಡ ಬಳಿದು, ಶವರ್ ಗೋಡೆಗೆ ಆಳೆತ್ತರದ ತನಕ ಏರಿಸ್ಬೇಕು. ಖರ್ಚಿನ ಕೆಲಸ, ಹಾಗಾಗಿ ನೀರು ನಿಲ್ಲಿಸೋ ಟೆಸ್ಟಲ್ಲಿ ಗ್ಯಾರಂಟಿ ಆಗದೇ ಯಾರು ಹೇಳಿದ್ರೂ ಒಪ್ಕೋಬೇಡಿ.

ರಿಪೇರಿ ಆದ ಮೇಲೂ ಕೆಳಗೆ ಕೆಲವು ದಿನ ತೊಟ್ಟಿಕ್ಕುತ್ತೆ, ಗಾಬರಿ ಬೇಡ, ಸಂಕನ್ ಕುಡಿದ ನೀರು ಖಾಲಿ ಆಗ್ಬೇಕಲ್ಲ. ಕೆಳಗಿನ ಮನೆ ಸೀಲಿಂಗಲ್ಲಿ ತೇವದ ಅಂಚಿಗೆ ಪೆನ್ಸಿಲ್ ಗೆರೆ, ತಾರೀಖು ಹಾಕಿ, ವಾರಕ್ಕೊಂದ್ಸಲ ನೋಡಿ, ಗೆರೆಯಿಂದ ಒಳಗೆ ಸರೀತಿದ್ರೆ ಕೆಲಸ ಸರಿ ಆಗಿದೆ. ಪುಟ್ಟಿ, ಪೇಂಟಿಗೆ ಅವಸರ ಮಾಡ್ಬೇಡಿ, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಶೀಟನ್ನ ನಾಲ್ಕೂ ಕಡೆ ಟೇಪ್ ಹಾಕಿ ಅಲ್ಲಿ ಅಂಟಿಸಿ 16 ಗಂಟೆ ಬಿಟ್ಟು ತೆಗೀರಿ, ಒಳಮೈಯಲ್ಲಿ ಹನಿ ಕಟ್ಟಿದ್ರೆ ಪೇಂಟರಿಗೆ ಇನ್ನೊಂದೆರಡು ವಾರ ಬಿಟ್ಟು ಬರೋಕೆ ಹೇಳಿ.