ಮಹಿಳೆಯರ ಕರ್ಲಿಂಗ್ ಕಲ್ಲು ಎಷ್ಟು ಹಗುರ?

ಪ್ರಶ್ನೆ: ವಿಶ್ವ ಮಹಿಳಾ ಕರ್ಲಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಬಳಸುವ ಕಲ್ಲು ಪುರುಷರ ಕಲ್ಲಿಗಿಂತ ಎಷ್ಟು ಕಿಲೋ ಹಗುರವಾಗಿರುತ್ತದೆ?

ಹಗುರವಾಗಿರುವುದೇ ಇಲ್ಲ. ಹಿಮದ ಮೇಲೆ ಕಲ್ಲುಗಳನ್ನು ಜಾರಿಸಿ ಗುರಿವೃತ್ತದಲ್ಲಿ ನಿಲ್ಲಿಸುವ ಈ ಆಟದಲ್ಲಿ ಇಬ್ಬರಿಗೂ ಒಂದೇ ಕಲ್ಲು, ಒಂದೇ ಅಳತೆಯ ಹಿಮಾಂಗಣ, ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಇಬ್ಬರಿಗೂ ಹತ್ತು ಎಂಡ್‌ಗಳು, ಅಂದರೆ ಹತ್ತು ಸುತ್ತುಗಳು. ಈ ಉತ್ತರವನ್ನು ನಾನು ಎಷ್ಟು ಸಲ ಬರೆದಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಆದರೂ ಪ್ರತಿ ಬಾರಿ ಪ್ರಶ್ನೆ ಬರುವುದು ‘ಹಗುರವೇ’ ಎಂದಲ್ಲ, ‘ಎಷ್ಟು ಹಗುರ’ ಎಂದು. ಹಗುರ ಎಂಬುದನ್ನು ಮೊದಲೇ ಒಪ್ಪಿಕೊಂಡಾಗಿರುತ್ತದೆ. ಆದ್ದರಿಂದ ಈ ಸಲ ನಂಬಿಕೆಯ ಬೇರಿಗೇ ಕೈಹಾಕುತ್ತೇನೆ.

ತಪ್ಪು ಎಲ್ಲಿಂದ ಹುಟ್ಟುತ್ತದೆಂಬುದು ನನಗೆ ಗೊತ್ತು. ಗುಂಡು ಎಸೆತದಲ್ಲಿ ಪುರುಷರ ಗುಂಡು 7.26 ಕಿಲೋ, ಮಹಿಳೆಯರದು 4 ಕಿಲೋ. ಜಾವೆಲಿನ್‌ನಲ್ಲಿ 800 ಗ್ರಾಂ ಮತ್ತು 600 ಗ್ರಾಂ. ಇವನ್ನು ಬಲ್ಲವರು ಕರ್ಲಿಂಗ್‌ನಲ್ಲಿಯೂ ಹಾಗೆಯೇ ಇರಬೇಕೆಂದು ಊಹಿಸುತ್ತಾರೆ. ಇನ್ನು ಕೆಲವರು ನಿಯಮಾವಳಿಯನ್ನೇ ಸಾಕ್ಷಿಗೆ ತರುತ್ತಾರೆ: ಹಿಡಿಯೂ ಸೇರಿದಂತೆ ಕಲ್ಲಿನ ತೂಕ ಕನಿಷ್ಠ 17.24 ಕಿಲೋ, ಗರಿಷ್ಠ 19.96 ಕಿಲೋ ಎಂದು ಅಲ್ಲಿ ಬರೆದಿದೆಯಲ್ಲ, ಮೊದಲನೆಯದು ಮಹಿಳೆಯರಿಗೆ, ಎರಡನೆಯದು ಪುರುಷರಿಗೆ ಎಂಬುದು ಅವರ ವಾದ. ಖಂಡಿತ ಅಲ್ಲ. ಅದು ಕಲ್ಲು ತಯಾರಿಸುವವರಿಗೆ ಹಾಕಿಕೊಟ್ಟ ಮಿತಿ. ಆಡುವವರು ಗಂಡಸರೋ ಹೆಂಗಸರೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮಕ್ಕಳ ಅಭ್ಯಾಸಕ್ಕೆಂದು ಚಿಕ್ಕ ಕಲ್ಲುಗಳು ಇರುವುದು ನಿಜ, ಆದರೆ ಅವು ವಿಶ್ವ ಚಾಂಪಿಯನ್‌ಷಿಪ್‌ನ ಅಂಗಣಕ್ಕೆ ಬರುವುದಿಲ್ಲ.

ಗುಂಡನ್ನು ಎತ್ತಿ ಎಸೆಯಬೇಕು. ಕರ್ಲಿಂಗ್ ಕಲ್ಲನ್ನು ಯಾರೂ ಎತ್ತುವುದಿಲ್ಲ, ಜಾರಿಸುತ್ತಾರೆ. ಆಟಗಾರ್ತಿ ಹ್ಯಾಕ್ ಎಂಬ ರಬ್ಬರಿನ ಆಸರೆಗೆ ಪಾದವೂರಿ, ಕಾಲಿನಿಂದ ತನ್ನ ದೇಹವನ್ನು ಮುಂದಕ್ಕೆ ಒತ್ತಿ, ಕಲ್ಲಿನೊಂದಿಗೆ ತಾನೂ ಜಾರುತ್ತಾ ಹೋಗಿ, ಹಿಮಾಂಗಣಕ್ಕೆ ಅಡ್ಡವಾಗಿ ಎಳೆದ ಹಾಗ್ ಲೈನ್ ಎಂಬ ಗೆರೆಯನ್ನು ಮುಟ್ಟುವುದಕ್ಕೆ ಮುಂಚೆ ಹಿಡಿಯನ್ನು ಬಿಡುತ್ತಾಳೆ. ಆಗ ಕಲ್ಲಿಗೆ ಇರುವ ವೇಗ, ಗುರಿವೃತ್ತದಲ್ಲಿ ಮೆಲ್ಲನೆ ಹೋಗಿ ನಿಲ್ಲಬೇಕಾದ ಹೊಡೆತದಲ್ಲಿ, ಸೆಕೆಂಡಿಗೆ ಸುಮಾರು 2 ಮೀಟರ್. ಇಪ್ಪತ್ತು ಕಿಲೋ ಕಲ್ಲಿಗೆ ಅಷ್ಟು ವೇಗ ಕೊಡಲು ಸುಮಾರು 40 ಜೌಲ್ ಸಾಕು. ಅದೇ ಕಲ್ಲನ್ನು ನೆಲದಿಂದ ಬರೀ 20 ಸೆಂಟಿಮೀಟರ್ ಮೇಲೆತ್ತುವುದಕ್ಕೂ ಅಷ್ಟೇ ಶಕ್ತಿ ಬೇಕು. ನೀರಿನ ಹನಿಗಳನ್ನು ಸಿಂಪಡಿಸಿ ಹೆಪ್ಪುಗಟ್ಟಿಸಿದ ಸಣ್ಣ ಸಣ್ಣ ಉಬ್ಬುಗಳ ಮೇಲೆ, ತಳದಲ್ಲಿರುವ ಕೆಲವೇ ಮಿಲಿಮೀಟರ್ ಅಗಲದ ಉಂಗುರವನ್ನು ಮಾತ್ರ ತಾಗಿಸಿಕೊಂಡು ಆ ಕಲ್ಲು ಸಾಗುವುದರಿಂದ, ಅದನ್ನು ತಡೆಯುವ ಘರ್ಷಣೆ ಬಹಳ ಕಡಿಮೆ.

ಇನ್ನೊಂದು ಅಂಶವನ್ನು ಶಾಲೆಯ ಭೌತಶಾಸ್ತ್ರವೇ ಹೇಳಿಕೊಟ್ಟಿದೆ. ಕಲ್ಲು ಭಾರವಾದಷ್ಟೂ ಘರ್ಷಣೆ ಹೆಚ್ಚುತ್ತದೆ, ಆದರೆ ಆ ಘರ್ಷಣೆ ನಿಲ್ಲಿಸಬೇಕಾದ ದ್ರವ್ಯರಾಶಿಯೂ ಅದೇ ಪ್ರಮಾಣದಲ್ಲಿ ಹೆಚ್ಚಿರುತ್ತದೆ. ಹೀಗಾಗಿ ಒಂದೇ ವೇಗದಲ್ಲಿ ಬಿಟ್ಟ ಹಗುರ ಕಲ್ಲೂ ಭಾರದ ಕಲ್ಲೂ ಹೆಚ್ಚು ಕಡಿಮೆ ಒಂದೇ ದೂರ ಹೋಗಿ ನಿಲ್ಲುತ್ತವೆ. ಕಲ್ಲನ್ನು ಹಗುರ ಮಾಡಿದರೆ ಮಹಿಳೆಯರಿಗೆ ಉಪಕಾರವಾಗುತ್ತದೆಂಬ ಕಲ್ಪನೆಗೆ ಇಲ್ಲಿ ಆಧಾರವೇ ಉಳಿಯುವುದಿಲ್ಲ.

ಲೆಕ್ಕ ಬೇಡವೆನ್ನುವವರು ಆಟವನ್ನೇ ನೋಡಲಿ. 1989ರಿಂದ 2004ರವರೆಗೆ ಪುರುಷರ ಮತ್ತು ಮಹಿಳೆಯರ ವಿಶ್ವ ಚಾಂಪಿಯನ್‌ಷಿಪ್‌ಗಳು ಒಟ್ಟಿಗೇ ನಡೆಯುತ್ತಿದ್ದವು. ಒಲಿಂಪಿಕ್ಸ್‌ನಲ್ಲಿ ಇಂದಿಗೂ ಪುರುಷರು ಆಡಿ ಹೋದ ಅಂಗಣದಲ್ಲಿಯೇ ಮಹಿಳೆಯರು ಆಡುತ್ತಾರೆ. 2018ರಿಂದ ಅಲ್ಲಿ ಸ್ಥಾನ ಪಡೆದಿರುವ ಮಿಶ್ರ ಡಬಲ್ಸ್‌ನಲ್ಲಿ ಒಂದೇ ತಂಡದ ಪುರುಷನೂ ಮಹಿಳೆಯೂ ಅದೇ ಕಲ್ಲುಗಳನ್ನು ಜಾರಿಸುತ್ತಾರೆ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಗಾಲಿಕುರ್ಚಿ ಕರ್ಲಿಂಗ್. ಅಲ್ಲಿ ಕಾಲಿನ ಒತ್ತುವಿಕೆ ಇಲ್ಲ, ಸಾಗುವ ಕಲ್ಲಿನ ಮುಂದೆ ಬ್ರಷ್ ಹಿಡಿದು ಹಿಮವನ್ನು ಉಜ್ಜುವವರೂ ಇಲ್ಲ. ಆದರೂ ಕೋಲಿನ ತುದಿಯಿಂದ ತಳ್ಳುವುದು ಅದೇ ತೂಕದ ಕಲ್ಲನ್ನು. ಇದನ್ನು ಒಮ್ಮೆ ಕಣ್ಣಾರೆ ಕಂಡವರು ತೂಕದ ಪ್ರಶ್ನೆಯನ್ನು ಮತ್ತೆ ಎತ್ತಲಾರರೆಂದು ನನ್ನ ನಂಬಿಕೆ.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ, ಆದರೆ ಅದು ಬ್ರಷ್ ಹಿಡಿದವರ ಕೈಯಲ್ಲಿದೆ. ಉಜ್ಜುವವರು ಮೈಭಾರವನ್ನೆಲ್ಲ ಹಾಕಿ ಒತ್ತಿದಾಗ ಹಿಮದ ಮೇಲ್ಮೈ ತುಸು ಬಿಸಿಯಾಗಿ ಕಲ್ಲು ಇನ್ನಷ್ಟು ದೂರ ಸಾಗುತ್ತದೆ. ಭಾರವೂ ಬಲವೂ ಹೆಚ್ಚಿದ್ದವರ ಉಜ್ಜುವಿಕೆಯ ಫಲವೂ ಹೆಚ್ಚು. ಎದುರಾಳಿಯ ಕಲ್ಲುಗಳನ್ನು ರಭಸದಿಂದ ಹೊಡೆದು ಹೊರಹಾಕುವಾಗಲೂ ಪುರುಷರಿಗೆ ಸ್ವಲ್ಪ ಅನುಕೂಲವಿದೆ. ಕೈತಪ್ಪಿದ ಕಲ್ಲನ್ನು ಉಜ್ಜಿ ಉಳಿಸಿಕೊಳ್ಳುವ ಅವಕಾಶ ಕಡಿಮೆಯಿರುವುದರಿಂದ ಮಹಿಳೆಯರ ಆಟದಲ್ಲಿ ಬಿಡುವ ಕ್ಷಣದ ನಿಖರತೆಗೆ ಬೆಲೆ ಹೆಚ್ಚು, ನಾನು ಅದನ್ನು ಮನಸಾರೆ ಮೆಚ್ಚುವುದೂ ಆ ಕಾರಣಕ್ಕೆ.

ನಿಖರತೆಯ ಮಾತು ಬಂದಮೇಲೆ ಯಾರೂ ನೇರವಾಗಿ ಕೇಳದ ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಪ್ರತಿ ಎಂಡ್‌ನಲ್ಲಿ ತಂಡದ ನಾಲ್ವರು ತಲಾ ಎರಡರಂತೆ ಬಿಡುವ ಎಂಟು ಕಲ್ಲುಗಳಲ್ಲಿ ಕೊನೆಯ ಎರಡನ್ನು ನಾಯಕಿಯೇ ಬಿಡಬೇಕೆಂಬ ನಿಯಮವಿಲ್ಲ. ಅದು ರೂಢಿ ಮಾತ್ರ. ಸ್ವಿಟ್ಜರ್ಲೆಂಡಿನ ಸಿಲ್ವಾನಾ ತಿರಿಂಜೋನಿ ಈ ರೂಢಿಯನ್ನು ಬಿಟ್ಟರು. ತಂತ್ರ ಹೂಡುವ ಹೊಣೆಯನ್ನು ತಾವೇ ಇಟ್ಟುಕೊಂಡು, ಮೂರನೆಯವರಾಗಿ ಆಡಿ, ಕೊನೆಯ ಎರಡು ಕಲ್ಲುಗಳನ್ನು ಅಲೀನಾ ಪೇಟ್ಸ್ ಅವರಿಗೆ ಒಪ್ಪಿಸಿದರು. ಪೇಟ್ಸ್ ಸ್ವತಃ ನಾಯಕಿಯಾಗಿ 2015ರಲ್ಲಿ ಸಪ್ಪೊರೊದಲ್ಲಿ ವಿಶ್ವ ಚಾಂಪಿಯನ್ ಆದವರು. ಆಲೋಚಿಸುವವರು ಒಬ್ಬರು, ಒತ್ತಡದ ಕಲ್ಲನ್ನು ಬಿಡುವವರು ಇನ್ನೊಬ್ಬರು ಎಂಬ ಈ ಹಂಚಿಕೆಯಿಂದ ತಂಡ 2019ರಲ್ಲಿ ಸಿಲ್ಕೆಬೋರ್ಗ್‌ನಲ್ಲಿ ಗೆದ್ದಿತು. 2020ರ ಚಾಂಪಿಯನ್‌ಷಿಪ್ ರದ್ದಾಯಿತು. ಮುಂದೆ 2021, 2022, 2023ರಲ್ಲಿಯೂ ಪ್ರಶಸ್ತಿ ಅವರದೇ.

ಆ ಸರಣಿಯನ್ನು ಮುರಿದವರು ಕೆನಡಾದ ರೇಚಲ್ ಹೋಮನ್, ಹಳೆಯ ರೂಢಿಯಂತೆ ತಂಡವನ್ನು ನಡೆಸಿ ಕೊನೆಯ ಕಲ್ಲನ್ನೂ ತಾವೇ ಬಿಡುವವರು. 2024ರ ಫೈನಲ್‌ನಲ್ಲಿ ಅವರು ಸ್ವಿಸ್ ತಂಡವನ್ನು 7–5ರಿಂದಲೂ, 2025ರಲ್ಲಿ ದಕ್ಷಿಣ ಕೊರಿಯಾದ ಉಯ್ಜಾಂಗ್‌ಬುವಿನಲ್ಲಿ 7–3ರಿಂದಲೂ ಸೋಲಿಸಿದರು.