ಗಂಗಾವತಿ ಬಿಲ್ಲಿನ ಒಂದು ಪೈಸೆ

ಗಂಗಾವತಿಯ ಒಂದು ರೈಸ್ ಮಿಲ್ಲಿನ ಬಿಲ್ಲಿಂಗ್ ಪ್ರೋಗ್ರಾಮನ್ನು ಹಳೇ 32 ಬಿಟ್ ಕಂಪ್ಯೂಟರಿನಿಂದ ಹೊಸ 64 ಬಿಟ್ ಕಂಪ್ಯೂಟರಿಗೆ ಹಾಕಿಕೊಟ್ಟೆ. ಸಿ ಕೋಡಿನಲ್ಲಿ ಒಂದಕ್ಷರ ಮುಟ್ಟಿರಲಿಲ್ಲ, ಮತ್ತೆ ಕಂಪೈಲ್ ಮಾಡಿದ್ದಷ್ಟೇ, ಅಂದರೆ ಕೋಡನ್ನು ಯಂತ್ರದ ಭಾಷೆಗೆ ಇಳಿಸಿದ್ದಷ್ಟೇ. ಆದರೂ ಹೋದ ವರ್ಷದ ನೆಲ್ಲಿನ ಬಿಲ್ಲುಗಳನ್ನು ತಾಳೆ ನೋಡಿದರೆ ಅಲ್ಲೊಂದು ಇಲ್ಲೊಂದರಲ್ಲಿ ಒಂದು ಪೈಸೆ ಆಚೀಚೆ. "ಕಂಪ್ಯೂಟರಿಗೂ ಲೆಕ್ಕ ತಪ್ಪತೈತೇನಪ್ಪಾ?" ಅಂತ ಸಾಹುಕಾರರು ನಕ್ಕರು.

ಈ ಪೈಸೆಯ ಕಥೆ 1980ರಷ್ಟು ಹಳೆಯದು. ಆಗ ಬಂದ ಇಂಟೆಲ್ 8087 ಚಿಪ್ ದಶಾಂಶದ ಲೆಕ್ಕವನ್ನು ತನ್ನೊಳಗೆ 80 ಬಿಟ್‌ನಲ್ಲಿ ಮಾಡುತ್ತಿತ್ತು, ಮೆಮೊರಿಗೆ ಇಳಿಸುವಾಗ ಡಬಲ್ (ಸಿಯಲ್ಲಿ ದಶಾಂಶ ಸಂಖ್ಯೆ ಇಡುವ ಒಂದು ಬಗೆ) ಆದರೆ 64 ಬಿಟ್, ಬಾಲ ಕಟ್. ಯಾವ ಸಂಖ್ಯೆ ಚಿಪ್ಪಿನಲ್ಲೇ ಉಳಿಯಬೇಕು, ಯಾವುದು ಇಳಿಯಬೇಕು ಅನ್ನೋದು ಕಂಪೈಲರ್ ಮರ್ಜಿ. ವೇಗಕ್ಕಾಗಿ ಆಪ್ಟಿಮೈಸ್ ಮಾಡಿದರೆ ಒಂದು ಉತ್ತರ, ಮಾಡದಿದ್ದರೆ ಇನ್ನೊಂದು! ಅರ್ಧ ಪೈಸೆಯ ಗಡಿಯಲ್ಲಿ ನಿಂತ ಬಿಲ್ಲಿಗೆ ಅಷ್ಟು ಸಾಕು. ಜಿಸಿಸಿ ಅನ್ನೋ ಕಂಪೈಲರಿನಲ್ಲಿ ಇದು 323ನೇ ಬಗ್, 2000ದಲ್ಲಿ ದಾಖಲಾಯಿತು, ಆಮೇಲೆ ವರ್ಷಗಟ್ಟಲೆ ಅದೇ ದೂರನ್ನು ಜನ ಮತ್ತೆ ಮತ್ತೆ ತಂದರು.

ಮದ್ದು ಅಂತ ಇದ್ದದ್ದು ಜಿಸಿಸಿಯ ಫ್ಲೋಟ್-ಸ್ಟೋರ್ ಆಪ್ಷನ್. ಅದು ವೇರಿಯಬಲ್‌ಗಳನ್ನು ಮೆಮೊರಿಗೆ ಇಳಿಸುತ್ತಿತ್ತು, ಲೆಕ್ಕದ ನಡುವಿನ ಮೊತ್ತಗಳನ್ನು ಮಾತ್ರ ಬಿಟ್ಟುಬಿಡುತ್ತಿತ್ತು. ಅರ್ಧ ಮದ್ದು. 2010ರ ಜಿಸಿಸಿ 4.5ರಲ್ಲಿ ಎಕ್ಸೆಸ್-ಪ್ರಿಸಿಷನ್ ಅನ್ನೋ ಸರಿಯಾದ ಆಪ್ಷನ್ ಬಂತು, ಅಷ್ಟೊತ್ತಿಗೆ 64 ಬಿಟ್ ಯಂತ್ರಗಳು ಡಬಲ್ ಅನ್ನು 64 ಬಿಟ್‌ನಲ್ಲೇ ಲೆಕ್ಕ ಹಾಕುವ ಎಸ್ಎಸ್ಇ2 ಅನ್ನೋ ಚಿಪ್ ಸೌಲಭ್ಯದಲ್ಲೇ ಲೆಕ್ಕ ಮಾಡುತ್ತಿದ್ದವು, ರೋಗವೇ ಹೋಗಿತ್ತು. ಕಂಪೈಲರಿಗೆ ಸೂಚನೆ ಬರೆದಿಡುವ ನನ್ನ ಮೇಕ್‌ಫೈಲ್‌ನಲ್ಲಿ ಫ್ಲೋಟ್-ಸ್ಟೋರ್ ಇನ್ನೂ ಸುಮ್ನೆ ಕೂತಿತ್ತು. ಕಂಪೈಲರ್ ಚಕಾರ ಎತ್ತಲಿಲ್ಲ.

ನಿಖರತೆ ಬಿಟ್ಟುಕೊಟ್ಟು ಲೆಕ್ಕದ ವೇಗ ಹೆಚ್ಚಿಸುವ ಫಾಸ್ಟ್-ಮ್ಯಾತ್ ಅನ್ನೋ ಆಪ್ಷನ್‌ದು ಇದಕ್ಕಿಂತ ತುಂಟ ಕಥೆ. ಅದನ್ನು ಹಾಕಿ ಒಂದು ಶೇರ್ಡ್ ಲೈಬ್ರರಿ (ಹಲವು ಪ್ರೋಗ್ರಾಮುಗಳು ಹಂಚಿಕೊಳ್ಳುವ ಕೋಡು) ಕಟ್ಟಿದರೆ, ಅದನ್ನು ಲೋಡ್ ಮಾಡಿಕೊಂಡ ಪ್ರೋಗ್ರಾಮಿನಲ್ಲೂ ತೀರಾ ಸಣ್ಣ ಸಂಖ್ಯೆಗಳು ಸೊನ್ನೆಯಾಗುತ್ತಿದ್ದವು. ಪಕ್ಕದ ಹೊಲದವನು ಔಷಧಿ ಹೊಡೆದರೆ ನಮ್ಮ ಬೆಳೆ ಬಾಡಿದ ಹಾಗೆ ಅಲ್ವಾ? ಜಿಸಿಸಿ ಅದನ್ನು ನಿಲ್ಲಿಸಿದ್ದು 2023ರ 13ನೇ ಆವೃತ್ತಿಯಲ್ಲಿ. ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯವರು 2020ರ 2.31ನೇ ಆವೃತ್ತಿಯಲ್ಲಿ, ಅದೇ ಆಪ್ಷನ್ ಬಳಸುತ್ತಿದ್ದ 'ಫೈನೈಟ್' ಹೆಸರಿನ ಫಂಕ್ಷನ್‌ಗಳನ್ನು ಹೊಸ ಲಿಂಕಿಂಗ್‌ಗೆ (ಕೋಡಿನ ತುಂಡುಗಳನ್ನು ಜೋಡಿಸಿ ಪ್ರೋಗ್ರಾಮ್ ಕಟ್ಟುವುದಕ್ಕೆ) ಸಿಗದಂತೆ ಮಾಡಿದರು. ಮೊದಲೇ ಕಟ್ಟಿದ ಪ್ರೋಗ್ರಾಮುಗಳು ಓಡುತ್ತವೆ, ಪ್ರೋಗ್ರಾಮಿನೊಳಗೇ ಸೇರಿಹೋಗುವ ಹಳೇ ಸ್ಟ್ಯಾಟಿಕ್ ಲೈಬ್ರರಿ ಇಟ್ಟುಕೊಂಡು ಲಿಂಕ್ ಮಾಡಹೋದವರಿಗೆ ಎರರ್. ಬೈದವರು ಜಾಸ್ತಿ, ನನಗೆ ಮಾತ್ರ ಈ ದಾರಿಯೇ ಇಷ್ಟ, ಎರರ್ ಬಂದರೆ ಕನಿಷ್ಠ ಗೊತ್ತಾದರೂ ಆಗುತ್ತದೆ. ಇನ್ನೊಂದು ಕಂಪೈಲರ್ ಕ್ಲ್ಯಾಂಗ್ 2024ರ 19ನೇ ಆವೃತ್ತಿಯಲ್ಲಿ, ಫಾಸ್ಟ್-ಮ್ಯಾತ್ ಅನ್ನೂ ಒಳಗೊಂಡ ಓಫಾಸ್ಟ್ ಆಪ್ಷನ್‌ಗೆ ನಡುವಿನ ದಾರಿ ಹಿಡಿಯಿತು: ಕೆಲಸ ಮಾಡುತ್ತದೆ, ಜೊತೆಗೆ ಎಚ್ಚರಿಕೆಯನ್ನೂ ಕೊಡುತ್ತದೆ.

ಮಿಲ್ಲಿನ ಬಿಲ್ಲನ್ನು ಕೊನೆಗೆ ಪೂರ್ತಿ ಪೈಸೆಯ ಪೂರ್ಣಾಂಕಕ್ಕೆ ಬದಲಿಸಿದೆ. ದುಡ್ಡನ್ನು ಡಬಲ್‌ನಲ್ಲಿ ಇಟ್ಟಿದ್ದೇ ಮೊದಲ ತಪ್ಪು, ಅದು ನನ್ನದೇ.